ಪೆಸಿಫಿಕ್ ಸಾಗರದ ಉಗ್ರಾಣ

ಕಳೆದ ವಾರ ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ ಟ್ಯೂಬ್ ರೈಲು ಇಳಿದು, ನಾನು ಹನ್ನೊಂದು ವರ್ಷ ಕೆಲಸ ಮಾಡಿದ ಹೋಟೆಲಿನ ಹಿಂದಿನ ಓಣಿಯಲ್ಲಿ ಹಾದುಹೋಗುತ್ತಿದ್ದೆ. ಆಗ ಯಾರೋ ಉಗ್ರಾಣದ ಬಾಗಿಲು ತೆರೆದರು. ಇಂಗು, ಒಣಮೆಣಸು, ಬೆಲ್ಲ, ಒದ್ದೆ ಗೋಣಿಚೀಲ ಎಲ್ಲ ಸೇರಿದ ವಾಸನೆ ಒಮ್ಮೆಲೇ ಮುಖಕ್ಕೆ ಬಂತು. ಬೇರೆಯವರಿಗಾದರೆ ಆ ವಾಸನೆಗೆ ಊರು ನೆನಪಾಗುತ್ತದೆ, ಅಮ್ಮನ ಅಡುಗೆಮನೆ ನೆನಪಾಗುತ್ತದೆ. ನನಗೆ ನೆನಪಾದದ್ದು ಅಮೆರಿಕದ ನೌಕಾಪಡೆ. ನಗಬೇಡಿ, ಅದಕ್ಕೆ ಕಾರಣವಿದೆ.

ನಾನು ಆ ಹೋಟೆಲಿನಲ್ಲಿ ಅಡುಗೆಯವನಾಗಿದ್ದಾಗ ಒಂದು ವರ್ಷ ನಮ್ಮ ಮಗಳು ಶರ್ವಾಣಿ ಎ ಲೆವೆಲ್‌ನ ಕೊನೆಯ ವರ್ಷದಲ್ಲಿದ್ದಳು. ನಮ್ಮ ಪಿಯುಸಿ ಇದ್ದ ಹಾಗೆ. ಆ ಅಂಕಗಳ ಮೇಲೆಯೇ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದು, ಮುಚ್ಚುವುದು. ಅವಳಿಗೆ ಬೇಕಿದ್ದದ್ದು ಇತಿಹಾಸ. ಒಂದು ಒಳ್ಳೆಯ ವಿಶ್ವವಿದ್ಯಾಲಯ ಅವಳಿಗೆ ಸೀಟು ಕೊಡುತ್ತೇನೆ ಎಂದಿತ್ತು, ಆದರೆ ಇತಿಹಾಸದಲ್ಲಿ ಎ ಬಂದರೆ ಮಾತ್ರ. ಜನವರಿಯ ಮಾದರಿ ಪರೀಕ್ಷೆಯಲ್ಲಿ ಬಂದದ್ದು ಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಹೇಗೆ ಗೆದ್ದಿತು ಎಂಬ ಪ್ರಶ್ನೆಗೆ ಅವಳು ಕದನಗಳ ಹೆಸರು, ತಾರೀಕು, ಮುಳುಗಿದ ಹಡಗುಗಳು ಎಲ್ಲವನ್ನೂ ಬಾಯಿಪಾಠ ಮಾಡಿ ಸುರಿದು ಬಂದಿದ್ದಳು. ಟೀಚರ್ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: ‘ಏನಾಯಿತು ಎಂದು ಹೇಳಿದ್ದೀಯ, ಏಕೆ ಎಂದು ಹೇಳಿಲ್ಲ.’

ಶಾಲೆಯವರು ಹೆತ್ತವರನ್ನು ಕರೆಸಿ ಮಾತಾಡುವ ಪೇರೆಂಟ್ಸ್ ಈವ್ನಿಂಗ್‌ಗೆ ಹೋಗಿ ನಾನು ಮೂಕನ ಹಾಗೆ ಕೂತು ಬಂದೆ. ನಾನು ಓದಿದ್ದು ಕುಂದಾಪುರದ ಹತ್ತಿರದ ಊರಿನಲ್ಲಿ, ಕನ್ನಡ ಮಾಧ್ಯಮದಲ್ಲಿ, ಹತ್ತನೆಯ ತರಗತಿಯವರೆಗೆ. ಲಂಡನ್ನಿನಲ್ಲಿ ಹುಟ್ಟಿದ ಮಗಳ ಇಂಗ್ಲಿಷಿನ ವೇಗಕ್ಕೆ ನನ್ನ ಕಿವಿ ಓಡುವುದಿಲ್ಲ. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನಾನು ಈ ಮಗುವಿಗೆ ಊಟ ಹಾಕುವುದು ಬಿಟ್ಟು ಬೇರೆ ಯಾವ ಉಪಕಾರಕ್ಕೂ ಇಲ್ಲದ ಅಪ್ಪ ಎಂದು ಅವತ್ತು ನನಗೆ ನಿಜವಾಗಿ ನಾಚಿಕೆಯಾಯಿತು.

ಅದೇ ವಾರ ಕೆಂಟನ್‌ನ ನಮ್ಮ ಫ್ಲಾಟನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಒಂದು ದರಿದ್ರ ಹವೆ. ಮನೆಯಲ್ಲಿ ಕೂತು ಓದಿದರೆ ಕೈ ಸೆಟೆಯುತ್ತದೆ ಎಂದು ಶರ್ವಾಣಿ ಶಾಲೆಯಿಂದ ನೇರ ಬಸ್ಸು ಹತ್ತಿ ಹೋಟೆಲಿಗೆ ಬರತೊಡಗಿದಳು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಗಿರಾಕಿ ಬರುವವರೆಗೆ ಎರಡೂವರೆ ಗಂಟೆ ಹೋಟೆಲು ಮುಚ್ಚಿರುತ್ತಿತ್ತು. ಉಗ್ರಾಣದ ಗೋಡೆಯ ಆಚೆ ಒಲೆಗಳಿದ್ದುದರಿಂದ ಅಲ್ಲಿ ಬೆಚ್ಚಗೆ. ಅವಳು ಅಕ್ಕಿಚೀಲದ ಮೇಲೆ ಕೂರುವಳು, ನಾನು ಎದುರಿಗೆ ಬೇಳೆ ಆರಿಸುವೆನು.

ಒಂದು ದಿನ ಅವಳು ತನಗೆ ತಾನೇ ಗೊಣಗಿಕೊಂಡು ಓದುತ್ತಿದ್ದಾಗ ಕೇಳಿದೆ. “ಅದೆಂತ ಹೆಣ್ಣೆ, ಸಹಸ್ರನಾಮ ಹೇಳಿದಂಗೆ? ನಂಗೂ ಹೇಳ್ ಕಾಂಬ.”

“ಅಪ್ಪಯ್ಯ, ಯು ವೋಂಟ್ ಗೆಟ್ ಇಟ್.”

“ಇಂಗ್ಲಿಷಂಗೆ ಹೇಳಿರೆ ಗೆಟ್ ಆತಿಲ್ಲ. ಕನ್ನಡದಂಗೆ ಹೇಳ್.”

ಅವಳು ಮುಖ ಗಂಟಿಕ್ಕಿಕೊಂಡೇ ಶುರು ಮಾಡಿದಳು. ದೇವರೇ, ಎಂಥ ಕನ್ನಡ! ಹಡಗುಗಳು ‘ಮುಳುಗಿತು’, ಸೈನಿಕರು ‘ಸತ್ತಿತು’. ವಿಮಾನಗಳನ್ನು ಹೊತ್ತು ತಿರುಗುವ ಹಡಗಿಗೆ ಏನೆನ್ನಬೇಕೆಂದು ತಿಳಿಯದೆ ‘ವಿಮಾನದ ಅಮ್ಮ’ ಎಂದಳು. ಪರ್ಲ್ ಹಾರ್ಬರ್ ಎಂಬ ಬಂದರಿನ ಮೇಲೆ ಜಪಾನಿನವರು ಬಾಂಬು ಹಾಕಿದರು, ಅಮೆರಿಕದ ದೊಡ್ಡ ದೊಡ್ಡ ಹಡಗುಗಳು ಹೋದವು, ಆದರೆ ವಿಮಾನದ ಅಮ್ಮಂದಿರು ಅವತ್ತು ಮನೆಯಲ್ಲಿರಲಿಲ್ಲ, ಹೊರಗೆ ಹೋಗಿದ್ದರು. ಹಾಗಂದ ಮೇಲೆ ಅವಳಿಗೇ ನಗು ಬಂತು. ನಾನು ಕೇಳಿದೆ, “ಬಂದರಂಗೆ ಎಣ್ಣೆ ಇರ್ತಿಲ್ಯಾ? ಹಡಗ್ ರಿಪೇರಿ ಮಾಡು ಜಾಗ? ಅದೆಂತ ಆಯ್ತ್?”

ಅವಳು ಪುಸ್ತಕ ತಿರುವಿದಳು. ಎಣ್ಣೆಯ ಟ್ಯಾಂಕುಗಳನ್ನು ಜಪಾನಿನವರು ಮುಟ್ಟಲೇ ಇಲ್ಲ. ರಿಪೇರಿಯ ಕಟ್ಟೆಯೂ ಹಾಗೇ ಉಳಿಯಿತು.

ನನಗೆ ತಡೆಯಲಾಗಲಿಲ್ಲ. “ಉಗ್ರಾಣ ಬಿಟ್ಟ್ ಬರೀ ಎಲೆ ಹರ್ದ್ ಹೋದ್ರಾ? ಅವ್ರಿಗೆ ಮಂಡೆ ಸಮ ಇತ್ತಾ ಮಾರಾಯ್ತಿ?”

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. “ಎಲೆ ಅಂದರೆ?”

ಆಗ ಅವಳಿಗೆ ನನ್ನ ದೊಡ್ಡಪ್ಪನ ಕಥೆ ಹೇಳಬೇಕಾಯಿತು. ನಮ್ಮ ಕಡೆ ಮದುವೆ, ಮುಂಜಿಯ ದೊಡ್ಡ ಊಟಗಳಲ್ಲಿ ಅಡುಗೆ ಮಾಡುವವರು ಬೇರೆ, ಬಡಿಸುವವರು ಬೇರೆ. ಇವರೆಲ್ಲರ ಹಿಂದೆ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬನಿರುತ್ತಾನೆ. ಎಷ್ಟು ಎಲೆ ಏಳುತ್ತದೆ ಎಂದರೆ ಎಷ್ಟು ಜನ ಉಣ್ಣುತ್ತಾರೆ, ಎಷ್ಟು ತೆಂಗಿನಕಾಯಿ ಬೇಕು, ಯಾವ ಪಂಕ್ತಿಗೆ ಯಾವುದು ಯಾವಾಗ ಹೊರಡಬೇಕು ಎಲ್ಲ ಅವನ ತಲೆಯಲ್ಲಿ. ನನ್ನ ದೊಡ್ಡಪ್ಪ ಅಂಥ ಉಗ್ರಾಣದವರು. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳುವುದು ಅಡುಗೆಭಟ್ಟರನ್ನು. ಊಟ ಕೆಟ್ಟರೆ ಬೈಸಿಕೊಳ್ಳುವುದು ದೊಡ್ಡಪ್ಪ. ಅವರದ್ದೊಂದು ಮಾತಿತ್ತು: ‘ಪಂಕ್ತಿ ಕೂತ ಮೇಲೆ ಉಪ್ಪು ಹುಡುಕುವವನು ಉಗ್ರಾಣಕ್ಕೆ ಆಗುವುದಿಲ್ಲ.’

ಶರ್ವಾಣಿ ಮತ್ತೆ ಪುಸ್ತಕ ನೋಡಿದಳು. ಅಲ್ಲಿ ಲಾಜಿಸ್ಟಿಕ್ಸ್ ಎಂಬ ಶಬ್ದ ಪುಟಕ್ಕೊಂದು ಸಲ ಬರುತ್ತದಂತೆ. ಬಾಯಿಪಾಠ ಮಾಡಿದ್ದಳೇ ಹೊರತು ಅದರೊಳಗೆ ಮನುಷ್ಯರು ಇದ್ದಾರೆ ಎಂದು ಅವಳಿಗೆ ಹೊಳೆದಿರಲಿಲ್ಲ. “ಸೋ, ಲಾಜಿಸ್ಟಿಕ್ಸ್ ಅಂದರೆ ಉಗ್ರಾಣ?” ಎಂದಳು. ಹೌದು ಎಂದೆ. ಅವತ್ತಿನಿಂದ ಅವಳ ನೋಟ್ಸಿನಲ್ಲಿ ಆ ದೊಡ್ಡ ಶಬ್ದದ ಬದಲು ಇಂಗ್ಲಿಷ್ ಅಕ್ಷರದಲ್ಲಿ ಉಗ್ರಾಣ ಎಂದು ಬೀಳತೊಡಗಿತು. ಬರೆಯಲು ಚಿಕ್ಕದು ಎಂದಳು.

ಆಮೇಲೆ ನಮ್ಮ ಯುದ್ಧ ಜೋರಾಗಿ ಸಾಗಿತು. ಫೆಬ್ರವರಿಯ ರಜೆಯಲ್ಲಿ ಅವಳನ್ನು ಅಕ್ಸ್‌ಬ್ರಿಡ್ಜ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನೆಲದಡಿಯಲ್ಲಿ ಯುದ್ಧಕಾಲದ ಒಂದು ಕೋಣೆಯನ್ನು ಹಾಗೇ ಉಳಿಸಿದ್ದಾರೆ. ದೊಡ್ಡ ಮೇಜಿನ ಮೇಲೆ ನಕ್ಷೆ, ಅದರ ಮೇಲೆ ಕೋಲಿನಿಂದ ತಳ್ಳುವ ಗುರುತುಗಳು. ಮರುದಿನವೇ ನಮ್ಮ ಹೋಟೆಲಿನ ತರಕಾರಿ ಹೆಚ್ಚುವ ಮೇಜು ಪೆಸಿಫಿಕ್ ಸಾಗರವಾಯಿತು. ಚಟ್ನಿಯ ಬಟ್ಟಲುಗಳು ದ್ವೀಪಗಳು, ಸಾಸಿವೆ ಜಪಾನಿ ಸೈನಿಕರು, ಕಡಲೆಬೇಳೆ ಅಮೆರಿಕದವರು, ಸೌಟು ನೌಕಾಪಡೆ. ನಾನು ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಎಂತಕೆ?” ಅವಳ ಟೀಚರ್ ಕೆಂಪು ಶಾಯಿಯಲ್ಲಿ ಕೇಳಿದ್ದೂ ಅದನ್ನೇ ಅಲ್ಲವೇ!

ಮಿಡ್‌ವೇ ಕದನದ ದಿನ ಅವಳ ಕಣ್ಣು ಹೊಳೆಯುತ್ತಿತ್ತು. ಜಪಾನಿನವರು ಮುಂದೆ ಎಲ್ಲಿ ಬಂದು ಬೀಳುತ್ತಾರೆ ಎಂದು ಅಮೆರಿಕದವರಿಗೆ ತಿಳಿಯಬೇಕಿತ್ತು. ಕದ್ದು ಕೇಳಿದ ಜಪಾನಿನ ಗುಪ್ತ ಸಂದೇಶದಲ್ಲಿ ಜಾಗದ ಹೆಸರಿಗೆ ಎರಡು ಅಕ್ಷರ ಮಾತ್ರ ಇತ್ತು. ಅದು ತಮ್ಮ ಮಿಡ್‌ವೇ ದ್ವೀಪ ಇರಬಹುದೆಂಬ ಗುಮಾನಿ. ಅಲ್ಲಿಂದ ‘ನಮಗೆ ಕುಡಿಯುವ ನೀರಿಲ್ಲ’ ಎಂದು ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ ಸುಳ್ಳು ಹೇಳಿಸಿದರು. ಸ್ವಲ್ಪದರಲ್ಲೇ ಜಪಾನಿನವರು ಆ ಎರಡಕ್ಷರದ ಜಾಗದಲ್ಲಿ ನೀರಿಲ್ಲವಂತೆ ಎಂದು ತಮ್ಮವರಿಗೆ ತಿಳಿಸಿದರು. ಸಿಕ್ಕಿಬಿದ್ದರು!

“ಇದೆಂತ ದೊಡ್ಡ ಸಂಗ್ತಿ? ದೊಡ್ಡಪ್ಪ ಪ್ರತಿ ಮದಿ ಮನ್ಯಂಗೂ ಮಾಡ್ತಿದ್ರ್,” ಎಂದೆ. ನಿಜವಾದ ಮಾತು. ಪಾಯಸ ಎಲ್ಲ ಸಾಲಿಗೂ ಮುಟ್ಟಿತೋ ಇಲ್ಲವೋ ತಿಳಿಯದಿದ್ದರೆ ದೊಡ್ಡಪ್ಪ ಬಾಗಿಲಲ್ಲಿ ನಿಂತು ‘ಪಾಯಸ ಮುಗಿಯಿತು’ ಎಂದು ಸುಳ್ಳೇ ಕೂಗುವರು. ಯಾವ ಮೂಲೆಯಿಂದ ಗೊಣಗಾಟ ಬಂತೋ ಆ ಮೂಲೆಗೆ ಪಾಯಸ ಹೋಗಿಲ್ಲ ಎಂದರ್ಥ. ಶರ್ವಾಣಿ ಅಕ್ಕಿಚೀಲದ ಮೇಲಿಂದ ಜಾರಿ ಬೀಳುವ ಹಾಗೆ ನಕ್ಕಳು.

ಎಲ್ಲ ದಿನವೂ ನಗು ಇರಲಿಲ್ಲ. ಗ್ವಾಡಲ್‌ಕನಾಲ್ ಎಂಬ ದ್ವೀಪದ ದಿನ ಮೇಜಿಗೆ ಬಂದದ್ದು ಹಸಿವಿನ ಕಥೆ. ಮೊದಲು ಅಮೆರಿಕದವರಿಗೇ ಊಟಕ್ಕೆ ತತ್ವಾರ. ಜಪಾನಿನವರು ಬಿಟ್ಟುಹೋದ ಅಕ್ಕಿಯನ್ನೇ ಬೇಯಿಸಿ ತಿಂದರು. ಆಮೇಲೆ ಅಮೆರಿಕದ ಹಡಗುಗಳು ಬರತೊಡಗಿದವು, ಜಪಾನಿನವರಿಗೆ ದಾರಿ ಕಟ್ಟಿತು. ಅವರು ಡ್ರಮ್ಮುಗಳಲ್ಲಿ ಅಕ್ಕಿ ತುಂಬಿ, ಹಗ್ಗ ಕಟ್ಟಿ, ಸಮುದ್ರಕ್ಕೆ ಎಸೆದು ದಡಕ್ಕೆ ತೇಲಿಸಲು ನೋಡಿದರಂತೆ. ಬಹಳಷ್ಟು ದಡ ಮುಟ್ಟಲಿಲ್ಲ. ಆ ದ್ವೀಪವನ್ನು ಅವರ ಸೈನಿಕರೇ ಹಸಿವಿನ ದ್ವೀಪ ಎಂದು ಕರೆದರು. ನಾನು ಕೂತದ್ದು ಬೇಳೆ ಅಕ್ಕಿಯ ನಡುವೆ. ಯಾವ ದೇಶದವನೇ ಆಗಲಿ, ಅನ್ನ ಕಣ್ಣೆದುರಿಗೆ ನೀರಿನಲ್ಲಿ ತೇಲಿಹೋಗುವುದನ್ನು ನೋಡಿದವನ ಹೊಟ್ಟೆಯನ್ನು ನೆನೆದು ನನ್ನ ಕಣ್ಣು ಒದ್ದೆಯಾಯಿತು.

ದ್ವೀಪ ಬಿಟ್ಟು ದ್ವೀಪ ಹಾರುವ ಉಪಾಯವನ್ನು ನಾನೇ ಮೇಜಿನ ಮೇಲೆ ಆಡಿ ಕಲಿತೆ. ರಬೌಲ್ ಎಂಬಲ್ಲಿ ಜಪಾನಿನ ಭದ್ರವಾದ ನೆಲೆ. ಅದಕ್ಕೆ ಸಾಂಬಾರಿನ ಹಂಡೆ ಇಟ್ಟಿದ್ದೆವು. ಅಮೆರಿಕದವರು ಅದರ ತಂಟೆಗೇ ಹೋಗದೆ ಸುತ್ತಲಿನ ಬಟ್ಟಲುಗಳನ್ನು ಹಿಡಿದು ಮುಂದೆ ಹೋದರು. ಹಂಡೆಯೊಳಗಿನ ಸಾಸಿವೆಗೆ ಬರುವ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ. ಜಗಳಗಂಟ ನೆಂಟನ ಎಲೆ ದಾಟಿ ಬಡಿಸಿಕೊಂಡು ಹೋದರೆ ಅವನು ಕೂತಲ್ಲೇ ಬಾಕಿ. ಹೀಗೆ ಹಾರಿ ಹಾರಿ ಹೋಗುವವರಿಗೆ ಬೆನ್ನ ಹಿಂದೆ ಊಟ ಎಲ್ಲಿಂದ ಎಂದು ಕೇಳಿದೆ. ಅವಳು ಮರುದಿನ ಹುಡುಕಿಕೊಂಡು ಬಂದಳು. ಉಲಿತಿ ಎಂಬ ಹವಳದ ದ್ವೀಪಗಳ ನಡುವಿನ ನೀರಿನಲ್ಲಿ ಅಮೆರಿಕದವರು ಹಡಗುಗಳನ್ನೇ ಸೇರಿಸಿ ಊರು ಕಟ್ಟಿದ್ದರು. ಎಣ್ಣೆಯ ಹಡಗು, ರಿಪೇರಿಯ ಹಡಗು, ಆಸ್ಪತ್ರೆಯ ಹಡಗು. ಐಸ್‌ಕ್ರೀಮ್ ಮಾಡಲೆಂದೇ ಒಂದು ತೆಪ್ಪವೂ ಆ ಸಾಗರದಲ್ಲಿ ಇತ್ತಂತೆ!

“ತೇಲು ಉಗ್ರಾಣ!” ಎಂದು ನಾನು ಕೂಗಿದ್ದಕ್ಕೆ ಒಳಗಿನಿಂದ ಪಾತ್ರೆ ತೊಳೆಯುವವರು ಇಣುಕಿ ನೋಡಿದರು.

ಬುಧವಾರ ನಮಗೊಬ್ಬ ಪ್ರೇಕ್ಷಕರು ಇರುತ್ತಿದ್ದರು. ಧಾರವಾಡದ ಡಾಕ್ಟರು, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಜೋಡಿಸುವವರು. ತಡವಾಗಿ ಊಟಕ್ಕೆ ಬಂದು, ಹೋಟೆಲು ಮುಚ್ಚಿದ ಮೇಲೂ ಕಾಫಿ ಹಿಡಿದು ಕೂರುವುದು ಅವರ ರೂಢಿ. “ಏನ್ರಿ ಐತಾಳ್ರ, ಹುಡುಗಿ ಹಿಸ್ಟರಿ ಓದಿ ಏನ್ ಮಾಡ್ತಾಳ್ರಿ? ಇನ್ನೂ ವ್ಯಾಳ್ಯಾ ಐತಿ, ಬ್ಯಾರೆ ಏನರ ಕೊಡಸ್ರಿ,” ಎನ್ನುವರು. ನಾನು ಸಾಸಿವೆ, ಕಡಲೆಬೇಳೆ ತೋರಿಸಿದರೆ, “ಅಮೆರಿಕಾದವ್ರು ಗೆದ್ದದ್ದು ಅಣುಬಾಂಬಿನಿಂದ ಅಲ್ಲೇನ್ರಿ? ಅದಕ್ಕ ಇಷ್ಟ್ಯಾಕ ಬ್ಯಾಳಿ ಹಾಳ ಮಾಡ್ತೀರಿ?” ಎಂದರು ಒಮ್ಮೆ.

ಉತ್ತರ ಕೊಟ್ಟವಳು ಶರ್ವಾಣಿ, ಅದೂ ಕನ್ನಡದಲ್ಲಿ. “ಅಂಕಲ್, ಬಾಂಬ್ ತಗೊಂಡು ಹೋಗುವ ವಿಮಾನ ಹಾರಲಿಕ್ಕೆ ಹತ್ತಿರದ ದ್ವೀಪ ಬೇಕಿತ್ತು. ಆ ದ್ವೀಪಕ್ಕೆ ಹೋಗಲಿಕ್ಕೆ ಈ ಎಲ್ಲ ಬೇಕಿತ್ತು. ಬಾಂಬ್ ಕೂಡ ಆ ಉಗ್ರಾಣದಿಂದಲೇ ಬಂದದ್ದು. ಅದಕ್ಕೆ ನಾನು ಹೆಮ್ಮೆ ಪಡುವುದಿಲ್ಲ.”

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. ಹುಡುಗಿ ಒಂದು ಉಸಿರಿಗೆ ಅಷ್ಟು ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವಸಂತ ಬಂತು. ಕೆಂಟನ್ನಿನ ಬೀದಿಗಳಲ್ಲಿ ಚೆರಿ ಮರಗಳು ಹೂಬಿಟ್ಟು, ಕಾರುಗಳ ಮೇಲೆಲ್ಲ ಗುಲಾಬಿ ಎಸಳು. ಬಾಯ್ಲರ್ ಎಂದೋ ರಿಪೇರಿಯಾಗಿತ್ತು, ಆದರೂ ಅವಳು ಉಗ್ರಾಣಕ್ಕೆ ಬರುವುದು ನಿಲ್ಲಿಸಲಿಲ್ಲ. ನಾವು ಪೆಸಿಫಿಕ್ ಮುಗಿಸಿ ಯುರೋಪಿಗೆ ಇಳಿದಿದ್ದೆವು. ಫ್ರಾನ್ಸಿನ ನಾರ್ಮಂಡಿ ದಡದಲ್ಲಿ ಇಳಿಯುವವರು ದೂರದ ಕ್ಯಾಲೆ ಬಂದರಿಗೆ ಬರುತ್ತಾರೆಂದು ತೋರಿಸಲು ರಬ್ಬರಿನ ಯುದ್ಧಟ್ಯಾಂಕು ಊದಿಟ್ಟು ಜರ್ಮನರನ್ನು ಏಮಾರಿಸಿದ್ದು, ಗೆಲ್ಲುತ್ತ ಓಡಿದ ಟ್ಯಾಂಕುಗಳು ಪೆಟ್ರೋಲು ಮುಗಿದು ನಿಂತದ್ದು, ಅವಕ್ಕೆ ಹಗಲಿರುಳು ಲಾರಿಗಳಲ್ಲಿ ಎಣ್ಣೆ ಹೊತ್ತು ಕೊಟ್ಟವರಲ್ಲಿ ಹೆಚ್ಚಿನವರು ಕಪ್ಪು ಜನರಾದರೂ ಹೆಸರು ಮಾತ್ರ ಬೇರೆಯವರಿಗೆ ಬಂದದ್ದು, ಎಲ್ಲ ಒಂದೊಂದಾಗಿ ಮೇಜಿಗೆ ಬಂದವು. ನನಗೆ ದೊಡ್ಡಪ್ಪ ನೆನಪಾದರು. ಬಲ್ಜ್ ಎಂಬ ಕದನದ ಹೆಸರು ಕೇಳಿ, ಬಲ್ಜ್ ಅಂದರೆ ಹೊಟ್ಟೆ ಮುಂದೆ ಬರುವುದಲ್ಲವೇ ಎಂದು ನನ್ನ ಹೊಟ್ಟೆ ತಡವಿಕೊಂಡೆ. ಆ ಚಳಿಗಾಲದಲ್ಲಿ ಜರ್ಮನರು ಮುನ್ನುಗ್ಗಿದ್ದು ದಾರಿಯಲ್ಲಿ ಅಮೆರಿಕದವರ ಎಣ್ಣೆ ಸಿಗುತ್ತದೆ ಎಂಬ ನಂಬಿಕೆಯ ಮೇಲಂತೆ. ಪಕ್ಕದ ಮನೆಯ ಉಗ್ರಾಣ ನಂಬಿ ಊರಿಗೆಲ್ಲ ಊಟ ಹೇಳಿದ ಹಾಗಾಯಿತು. ಸಿಗಬೇಕಾದಷ್ಟು ಸಿಗಲಿಲ್ಲ, ಟ್ಯಾಂಕುಗಳನ್ನು ದಾರಿಯಲ್ಲೇ ಬಿಟ್ಟು ನಡೆದರು.

ಜೂನಿನಲ್ಲಿ ಪರೀಕ್ಷೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಕಳಿಸಿದೆವು. ಮಧ್ಯಾಹ್ನ ನಾನು ದೋಸೆ ಕಲ್ಲಿನ ಮುಂದಿದ್ದಾಗ ಫೋನು ಬಂತು. ಬಸ್ ಸ್ಟಾಪಿನಲ್ಲಿ ನಿಂತು ಅಳುತ್ತಿದ್ದಳು.

“ಅಪ್ಪಯ್ಯ, ನಾನು ಪೇಪರಿನಲ್ಲಿ ಉಗ್ರಾಣ ಅಂತ ಬರೆದುಬಿಟ್ಟೆ.”

“ಎಂತ?”

“ಲಾಜಿಸ್ಟಿಕ್ಸ್ ಅಂತ ಬರೀಬೇಕಿತ್ತು. ಐ ವಾಸ್ ರೈಟಿಂಗ್ ಸೋ ಫಾಸ್ಟ್. ಈಗ ಬಸ್ ಸ್ಟಾಪಿನಲ್ಲಿ ನೆನಪಾಯ್ತು. ಎಷ್ಟು ಸಲ ಬರೆದೆ ಗೊತ್ತಿಲ್ಲ. ದೇ ವಿಲ್ ಥಿಂಕ್ ಐ ಮೇಡ್ ಅಪ್ ಎ ವರ್ಡ್!”

ಕಲ್ಲಿನ ಮೇಲಿನ ದೋಸೆ ಸೀದು ಹೊಗೆ ಎದ್ದಿತು. “ಹೆದ್ರೂಕಾಗ ಮಗಾ, ಉಂಡ್ಕಂಡ್ ಮನಿಗ್ ಹೋಗ್,” ಎಂದೆ. ಬಾಯಿ ಹೆದರಬೇಡ ಎಂದಿತು, ಎದೆ ಬೇರೆಯೇ ಹೇಳುತ್ತಿತ್ತು. ಪ್ರಶ್ನೆ ಏನಿತ್ತೆಂದು ಆಮೇಲೆ ತಿಳಿಯಿತು: ಪೆಸಿಫಿಕ್‌ನಲ್ಲಿ ಅಮೆರಿಕ ಗೆದ್ದದ್ದು ಅದರ ಸೇನಾಪತಿಗಳ ಜಾಣತನದಿಂದಲೇ? ನಾವು ಮೂರು ತಿಂಗಳು ಆಡಿದ ಆಟವೇ ಪ್ರಶ್ನೆಯಾಗಿ ಬಂದಿತ್ತು, ಅದಕ್ಕೇ ಅವಳು ಹಿಂದೆಮುಂದೆ ನೋಡದೆ ಬರೆದಿದ್ದಳು. ಹತ್ತನೇ ಕ್ಲಾಸಿನ ಅಡುಗೆಯವನು ಪಾಠ ಹೇಳಲು ಹೋಗಿ ಮಗಳ ಸೀಟಿಗೆ ಕಲ್ಲು ಹಾಕಿದೆನಲ್ಲ ಎಂದು ನಾನು ಎರಡು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಹೆಂಡತಿ ಸುಮತಿ ಮೊದಲೇ ಹೇಳಿದ್ದಳಂತೆ. “ಉಗ್ರಾಣ ಹೋಟ್ಲಂಗೇ ಇರ್ಲಿ, ಮನಿಗ್ ತರ್ಬೇಡಿ ಅಂದಿದ್ದೆ,” ಎಂದು ದಿನಕ್ಕೊಮ್ಮೆ ನೆನಪಿಸುವಳು.

ಆಗಸ್ಟಿನಲ್ಲಿ ಫಲಿತಾಂಶದ ಬೆಳಿಗ್ಗೆ ನಾನು ಉಗ್ರಾಣದಲ್ಲಿ ಉದ್ದಿನಬೇಳೆಯ ಚೀಲ ಬಿಚ್ಚುತ್ತಿದ್ದೆ. ಫೋನು ಹೊಡೆದುಕೊಂಡಿತು. ಎತ್ತಿದರೆ ಆ ಕಡೆ ಬರೀ ಕಿರುಚಾಟ. ಬೇಕಿದ್ದದ್ದು ಎ. ಬಂದದ್ದು ಎ, ಅದರ ತಲೆಯ ಮೇಲೊಂದು ನಕ್ಷತ್ರ, ಎಂದರೆ ಎ-ಗಿಂತಲೂ ಮೇಲಿನದು! ನಾನು ಏನು ಮಾಡಿದೆನೋ ತಿಳಿಯದು. ಆಮೇಲೆ ನೋಡಿದರೆ ಉದ್ದಿನಬೇಳೆ ನೆಲದ ತುಂಬ ಹರಡಿತ್ತು, ನಾನು ಅದರ ನಡುವೆ ಕೂತು ಗಟ್ಟಿಯಾಗಿ ನಗುತ್ತಿದ್ದೆ. ಅವತ್ತು ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತು. ಬುಧವಾರವಲ್ಲದಿದ್ದರೂ ಡಾಕ್ಟರು ಓಡಿ ಬಂದರು. ಎರಡು ತಟ್ಟೆ ತಿಂದು, “ನಾ ಮೊದಲಽ ಅಂದಿದ್ನಿಲ್ರಿ, ಹುಡುಗಿ ಭಾಳ ಶ್ಯಾಣ್ಯಾ ಅದಾಳಂತ!” ಎಂದರು. ಅವರು ಯಾವಾಗ ಅಂದಿದ್ದರೋ ಆ ಪರಮಾತ್ಮನಿಗೇ ಗೊತ್ತು.

ಆದರೂ ನನಗೆ ಒಂದು ಮುಳ್ಳು ಉಳಿದೇ ಇತ್ತು. ಆ ಶಬ್ದವನ್ನು ಅವಳು ನಿಜವಾಗಿ ಬರೆದಿದ್ದಳೇ? ಬರೆದಿದ್ದರೆ ಪೇಪರು ತಿದ್ದಿದವರು ಏನೆಂದುಕೊಂಡರು? ಇಲ್ಲಿ ಕೇಳಿದರೆ ತಿದ್ದಿದ ಉತ್ತರ ಪತ್ರಿಕೆಯ ಪ್ರತಿ ಕೊಡುತ್ತಾರೆ. ಅವಳು ಶಾಲೆಯ ಮೂಲಕ ತರಿಸಿದಳು. ವಿಶ್ವವಿದ್ಯಾಲಯಕ್ಕೆ ಹೊರಡುವ ನಾಲ್ಕು ದಿನ ಮೊದಲು, ಒಂದು ಮಧ್ಯಾಹ್ನ, ಅದೇ ಅಕ್ಕಿಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದಳು.

ಬರೆದಿದ್ದಳು. ಒಂದಲ್ಲ, ನಾಲ್ಕು ಸಲ. ಮೊದಲನೆಯದರ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮುಂದಿನದು ತೋರಿಸು ಎಂದೆ. ಎಣ್ಣೆಯ ಟ್ಯಾಂಕುಗಳ ಮಾತಿನಲ್ಲಿ ಎರಡನೆಯದು. ಅಲ್ಲಿ ಏನೂ ಗುರುತಿಲ್ಲ. ಸಮುದ್ರದಲ್ಲಿ ತೇಲಿದ ಅಕ್ಕಿಯ ಡ್ರಮ್ಮುಗಳ ಹತ್ತಿರ ಮೂರನೆಯದು. ಅಲ್ಲೊಂದು ಸಣ್ಣ ಟಿಕ್. ನಾಲ್ಕನೆಯದು ಕೊನೆಯ ಪ್ಯಾರಾದಲ್ಲಿ. ಶರ್ವಾಣಿ ಅದನ್ನು ನನಗೆ ಕನ್ನಡದಲ್ಲೇ ಓದಿದಳು, ನಾನು ಕೇಳದೆಯೇ: “ಸೇನಾಪತಿಗಳು ಜಾಣರಿದ್ದರು, ಆದರೆ ಪಂಕ್ತಿ ಕೂತ ಮೇಲೆ ಉಪ್ಪು ಹುಡುಕುವವನು ಯುದ್ಧ ಗೆಲ್ಲುವುದಿಲ್ಲ, ಅಮೆರಿಕವನ್ನು ಗೆಲ್ಲಿಸಿದ್ದು ಅದರ ಉಗ್ರಾಣ.”

ಆ ಸಾಲಿನ ಪಕ್ಕ ಎರಡು ಟಿಕ್ ಇತ್ತು, ದಪ್ಪಗೆ. ಯಾರೋ, ಎಲ್ಲಿಯವರೋ ಆ ಪುಣ್ಯಾತ್ಮರು, ಪ್ರಶ್ನಾರ್ಥಕ ಚಿಹ್ನೆಯಿಂದ ಶುರುಮಾಡಿ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನಮ್ಮದೊಂದು ಮಾತು ಕಲಿತುಬಿಟ್ಟಿದ್ದರು. ನನ್ನ ದೊಡ್ಡಪ್ಪ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು, ಒಂದು ಪರೀಕ್ಷೆಯನ್ನೂ ಬರೆದವರಲ್ಲ. ಅವತ್ತು ಲಂಡನ್ನಿನಲ್ಲಿ ಅವರೂ ಪಾಸಾದರು.